ಹನ್ನೊಂದನೆಯ ಕೈ

ಮಕ್ಕಳೇ, ಅಜ್ಜ-ಅಜ್ಜಿಯರೇ, ಊಟ ಆಯ್ತಾ?

ನಾವು ಕನ್ನಡದವರು ಯಾರು ಎದುರಾದರೂ ಕೇಳುವ ಮೊದಲ ಪ್ರಶ್ನೆ ಇದೇ ತಾನೆ? ಊಟ ಆಗದಿದ್ದರೂ "ಆಯ್ತು" ಅಂತೀವಿ, ಅದು ಬೇರೆ ಮಾತು. ಈ ಪ್ರಶ್ನೆ ನಮ್ಮದೊಂದೇ ಆಸ್ತಿ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಫಿಲಿಪ್ಪೀನ್ಸ್‌ಗೆ ಹೋದ ಮೇಲೆ ಆ ಜಂಬ ಇಳಿಯಿತು. ಅಲ್ಲಿನವರೂ ಎದುರಾದ ಕೂಡಲೇ "ಕುಮಾಯಿನ್ ಕಾ ನಾ ಬಾ?" ಅಂತಾರೆ. ಹಾಗಂದರೆ "ಊಟ ಆಯ್ತಾ?" ದೊಡ್ಡವರನ್ನು ಕೇಳುವಾಗ "ಕುಮಾಯಿನ್ ನಾ ಪೊ ಬಾ ಕಯೊ?" ಆ 'ಪೊ' ಅನ್ನುವುದು ಗೌರವದ ಮಾತು, ನಮ್ಮ 'ರೀ' ಇದ್ದ ಹಾಗೆ. 'ಕಯೊ' ಅಂದರೆ 'ನೀವು'. ಇಂಗ್ಲಿಷಿನಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಒಂದೇ 'ಯೂ'. ನಮ್ಮಲ್ಲಿ, ಅವರಲ್ಲಿ ಹಾಗಲ್ಲ ನೋಡಿ.

ಈ ವಾರ ಆ ದೇಶದಲ್ಲಿ ನಾನು ಮಾಡಿದ ಒಂದು ಊಟದ ಕಥೆ ಹೇಳುತ್ತೇನೆ. ಊಟದ ಕಥೆಯಲ್ಲಿ ನನ್ನದೊಂದು ತಪ್ಪಿನ ಕಥೆಯೂ ಸೇರಿದೆ. ಮಕ್ಕಳು ತಮ್ಮ ತಪ್ಪು ಒಪ್ಪಿಕೊಳ್ಳಬೇಕು ಅಂತ ಈ ಪುಟದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅಜ್ಜಿಯೂ ಒಮ್ಮೆ ಒಪ್ಪಿಕೊಳ್ಳಬೇಕಲ್ಲವೇ?

ನನ್ನ ಮಗನಿಗೆ ಮನಿಲಾದಲ್ಲಿ ಕೆಲಸ. 7 ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶಕ್ಕೆ ಮನಿಲಾ ರಾಜಧಾನಿ. ಮಗ, ಸೊಸೆ ಇಬ್ಬರೂ ಬೆಳಗ್ಗೆ ಹೋದರೆ ಬರುವುದು ರಾತ್ರಿ. ಒಂಬತ್ತು ವರ್ಷದ ಮೊಮ್ಮಗ ಪುಟ್ಟನನ್ನು ನೋಡಿಕೊಳ್ಳಲು, ಅಡುಗೆ ಮಾಡಲು ಅಲ್ಲಿನ ಒಬ್ಬ ಹೆಂಗಸು ಮನೆಯಲ್ಲೇ ಇದ್ದಾಳೆ. ವಯಸ್ಸು ನಲವತ್ತರ ಮೇಲೆ. ಪುಟ್ಟ ಅವಳನ್ನು "ಆತೆ" ಅಂತ ಕರೆಯುತ್ತಾನೆ. ಮೊದಲ ದಿನ ನನಗೆ ಗಾಬರಿ! ಸೊಸೆ ನನ್ನನ್ನು "ಅತ್ತೆ" ಅಂತಾಳೆ, ಮೊಮ್ಮಗ ಅವಳನ್ನು "ಆತೆ" ಅಂತಾನೆ. ಯಾರು ಕರೆದರೂ ನಾವಿಬ್ಬರೂ ಒಟ್ಟಿಗೆ ತಿರುಗಿ ನೋಡುವುದು. ಆಮೇಲೆ ಗೊತ್ತಾಯಿತು, ಅಲ್ಲಿ 'ಆತೆ' ಅಂದರೆ ಅಕ್ಕ, 'ಕೂಯ' ಅಂದರೆ ಅಣ್ಣ. ಅಂಗಡಿಯವರು, ಹೋಟೆಲಿನಲ್ಲಿ ಬಡಿಸುವವರು, ಎಲ್ಲರೂ ಆತೆ, ಕೂಯ. ಅಜ್ಜ 'ಲೋಲೊ', ಅಜ್ಜಿ 'ಲೋಲ'. ನಾನು ಬಂದ ಮಾರನೆಯ ದಿನದಿಂದಲೇ ಆತೆಗೆ ನಾನು "ಲೋಲ" ಆದೆ.

ಈಗ ತಪ್ಪಿನ ವಿಷಯ. ಮಂಡ್ಯದಿಂದ ಹೊರಡುವಾಗ ನಾನು ಆರು ಸ್ಟೀಲ್ ಲೋಟ ಕಟ್ಟಿಕೊಂಡು ಹೋಗಿದ್ದೆ. ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕುಡಿದರೆ ನನಗೆ ಕುಡಿದ ಹಾಗೇ ಆಗುವುದಿಲ್ಲ. ಆ ಲೋಟಗಳಿಂದ ಆತೆಯ ಕಪ್ಪನ್ನು ನಾನು ಬೇರೆ ಇಟ್ಟೆ. ಅವಳದ್ದು ನೀಲಿ ಕಪ್ಪು, ಸಿಂಕಿನ ಪಕ್ಕದ ಮೂಲೆಯಲ್ಲಿ. ತಟ್ಟೆಯೂ ಬೇರೆ. ಯಾರೂ ಏನೂ ಅನ್ನಲಿಲ್ಲ. ನಾನು ಅದನ್ನು ಯೋಚಿಸಿ ಮಾಡಿದ್ದೂ ಅಲ್ಲ. ನನ್ನ ಅಮ್ಮ ಹಾಗೆ ಮಾಡುತ್ತಿದ್ದಳು, ನಾನು ಮಾಡಿದೆ. "ಅವರು ಮೀನು ಮಾಂಸ ತಿನ್ನೋರು, ನಾವು ತಿನ್ನದವರು" ಅಂತ ಮನಸ್ಸಿಗೆ ಒಂದು ಸಮಾಧಾನ. ಆದರೆ ಮೀನು ತಿನ್ನದ ಕೆಲಸದವರು ಬಂದಿದ್ದರೂ ನಾನು ಕಪ್ಪು ಬೇರೆಯೇ ಇಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ?

ಒಂದು ದಿನ ಆತೆ ಕುಣಿಯುತ್ತಾ ಬಂದಳು. ಅವಳ ಮಗಳು ನರ್ಸಿಂಗ್ ಪರೀಕ್ಷೆ ಪಾಸಾಗಿದ್ದಳು. ಅಲ್ಲಿ ಹೀಗೆ ಸಂತೋಷವಾದರೆ, ಸಂತೋಷ ಆದವರೇ ಉಳಿದವರಿಗೆ ಊಟ ಹಾಕಿಸಬೇಕು. ಅದಕ್ಕೆ 'ಬ್ಲೋಔಟ್' ಅಂತ ಹೆಸರು. ಹುಟ್ಟುಹಬ್ಬದ ದಿನ ನೀವು ಶಾಲೆಯಲ್ಲಿ ಚಾಕೊಲೇಟ್ ಹಂಚುವುದಿಲ್ಲವೇ, ಹಾಗೆ. "ಭಾನುವಾರ ನೀವು ನಾಲ್ಕು ಜನವೂ ಬರಬೇಕು, ನನ್ನ ಊರಿನ ಹೋಟೆಲಿಗೆ. ಲೋಲ ಬರದಿದ್ದರೆ ಆಗಲ್ಲ" ಅಂದಳು. ಹೋಟೆಲಿನ ಬಿಲ್ಲು ಅವಳದ್ದೇ. ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡು. ಇಲ್ಲ ಅನ್ನುವುದು ಹೇಗೆ?

ಅವಳ ಊರು ಇರುವುದು ಲಗುನ ಪ್ರಾಂತ್ಯದ ಲೋಸ್ ಬಾನ್ಯೋಸ್ ಪೇಟೆಯ ಹತ್ತಿರ. ಮನಿಲಾದಿಂದ ಸುಮಾರು 60 ಕಿಲೋಮೀಟರ್. ಒಂದು ಕಡೆ ಮಕಿಲಿಂಗ್ ಬೆಟ್ಟ, ಇನ್ನೊಂದು ಕಡೆ ಆ ದೇಶದ ಅತಿ ದೊಡ್ಡ ಸರೋವರ. ದಾರಿಯಲ್ಲಿ ಮಗ ಕಾರು ನಿಧಾನ ಮಾಡಿ, "ಅಮ್ಮ, ಇಲ್ಲಿ ನೋಡು, ನಿನ್ನ ಐಆರ್ 64 ಹುಟ್ಟಿದ ಮನೆ" ಅಂದ. ನೋಡಿದರೆ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ! 1960ರಲ್ಲಿ ಶುರುವಾದದ್ದು. 1966ರಲ್ಲಿ ಐಆರ್ 8 ಅನ್ನುವ ಹೆಚ್ಚು ಇಳುವರಿಯ ಭತ್ತ ಇಲ್ಲಿಂದ ಹೊರಗೆ ಬಂತು. ಐಆರ್ 64 ಬಂದದ್ದು 1985ರಲ್ಲಿ. ಭತ್ತ ಬೆಳೆಯುವ ನಮ್ಮ ಕಡೆಯ ಅಜ್ಜಂದಿರಿಗೆ ಈ ಹೆಸರುಗಳನ್ನು ಹೇಳಿಕೊಡಬೇಕಿಲ್ಲ. ಜಗತ್ತಿನ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಭತ್ತದ ಮಾದರಿಗಳನ್ನು ಅಲ್ಲಿ ತಣ್ಣನೆಯ ಕೋಣೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರಂತೆ. ಪುಟ್ಟ, "ಅಷ್ಟೂ ಅನ್ನ ಮಾಡಿದರೆ ಎಷ್ಟು ದಿನ ತಿನ್ನಬಹುದು?" ಅಂತ ಲೆಕ್ಕ ಹಾಕಲು ಶುರು ಮಾಡಿದ.

ಹೋಟೆಲ್ ಅಂದರೆ ಗಾಜಿನ ಬಾಗಿಲು, ಮಂದ ದೀಪ ಅಂದುಕೊಂಡಿದ್ದೆ. ಇದು ಬಿದಿರಿನ ಕಂಬ, ತಾಳೆಯಂಥ ಗರಿಯ ಮಾಡು, ಸುತ್ತ ತೆರೆದ ಜಗಲಿ. ಒಳಗೆ ಮಣ್ಣಿನ ಮಡಕೆಗಳ ಸಾಲು. ಗಾಳಿಯಲ್ಲಿ ಹುಣಸೆಹಣ್ಣು ಕುದಿಯುವ ವಾಸನೆ! ನಮ್ಮ ಮನೆಯ ಸಾರೇ ಅಂತ ಮೂಗು ಅರಳಿಸಿದೆ. ಅದು 'ಸಿನಿಗಾಂಗ್' ಅನ್ನುವ ಹುಳಿ ಸಾರು, ಆದರೆ ಒಳಗೆ ಮೀನೋ ಮಾಂಸವೋ ಇರುತ್ತದೆ. ಮೂಗು ಮತ್ತೆ ಮುಚ್ಚಿಕೊಂಡಿತು.

ಮಧ್ಯದಲ್ಲಿ ಉದ್ದನೆಯ ಮೇಜು. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಬಾಳೆ ಎಲೆ ಹಾಸಿದ್ದರು. ಒಬ್ಬೊಬ್ಬರಿಗೆ ಒಂದೊಂದು ಅಲ್ಲ, ಎಲ್ಲರಿಗೂ ಸೇರಿ ಒಂದೇ ಹಾಸು. ಎಲೆಯನ್ನು ನಾವು ಕಡುಬು ಕಟ್ಟುವಾಗ ಮಾಡುವ ಹಾಗೇ ಬೆಂಕಿಯ ಮೇಲೆ ಬಾಡಿಸಿದ್ದರು. ಅಭ್ಯಾಸಬಲ, ನಾನು ಎಲೆಯ ತುದಿ ಎಡಕ್ಕಿದೆಯೇ ಅಂತ ಹುಡುಕಿದೆ. ತುದಿಯೇ ಇಲ್ಲ! ಹಾಸಿನ ನಡುವೆ ಉದ್ದಕ್ಕೂ ಏರಿ ಕಟ್ಟಿದ ಹಾಗೆ ಬಿಳಿ ಅನ್ನ. ಏರಿಯ ಎರಡೂ ಬದಿಗೆ ಸುಟ್ಟ ಮೀನು, ಸಿಗಡಿ, ಹಂದಿ ಮಾಂಸ, ಟೊಮೆಟೊ, ಮಾವಿನಕಾಯಿ ಹೋಳು, ಗುಲಾಬಿ ಬಣ್ಣದ ಚಿಪ್ಪಿನ ಬಾತುಕೋಳಿ ಮೊಟ್ಟೆ. ಉಪ್ಪಿನಲ್ಲಿ ಊರಿಸಿದ ಮೊಟ್ಟೆಗೆ ಬಣ್ಣ ಹಚ್ಚುತ್ತಾರೆ, ಹಸಿ ಮೊಟ್ಟೆಯ ಜೊತೆ ಬೆರೆತು ಹೋಗಬಾರದು ಅಂತ.

ಇಂಥ ಊಟಕ್ಕೆ 'ಕಮಾಯನ್' ಅಂತ ಹೆಸರು. 'ಕಮಾಯ್' ಅಂದರೆ ಕೈ. ದಿನವೂ ಅವರು ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು ಉಣ್ಣುತ್ತಾರೆ. ಮುನ್ನೂರಕ್ಕೂ ಹೆಚ್ಚು ವರ್ಷ ಸ್ಪೇನಿನವರು, ಆಮೇಲೆ ಅಮೆರಿಕದವರು ಆಳಿದ ದೇಶ ಅದು. ಆದರೆ ಹಬ್ಬ, ಸಂತೋಷ ಅಂದರೆ ಕೈಗೆ ಕೈಯೇ ಬೇಕು. ಎಲ್ಲರೂ ಒಂದೇ ಎಲೆಯಿಂದ ಉಣ್ಣುವುದನ್ನು 'ಬೂಡಲ್ ಫೈಟ್' ಅಂತಲೂ ಕರೆಯುತ್ತಾರೆ. ಅದು ಸೈನ್ಯದಿಂದ ಬಂದದ್ದು. ಅಲ್ಲಿ ಅಧಿಕಾರಿ, ಸಿಪಾಯಿ ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಂತು ಒಂದೇ ಎಲೆಯಿಂದ ಉಣ್ಣುತ್ತಾರೆ. ಆ ಹೊತ್ತಿಗೆ ಯಾರೂ ಮೇಲಲ್ಲ, ಯಾರೂ ಕೆಳಗಲ್ಲ.

ಅಷ್ಟರಲ್ಲಿ ಆತೆಯ ಮನೆಯವರು ಬಂದರು. ಅವಳ ತಾಯಿ, ಮಗಳು, ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು. ಪುಟ್ಟ ಓಡಿಹೋಗಿ ಆ ಮುದುಕಿಯ ಕೈ ಹಿಡಿದು "ಮಾನೊ ಪೊ" ಅಂದು, ಆ ಕೈಯ ಹಿಂಬದಿಯನ್ನು ತನ್ನ ಹಣೆಗೆ ಒತ್ತಿಕೊಂಡ. ದೊಡ್ಡವರ ಆಶೀರ್ವಾದ ಬೇಡುವ ಕ್ರಮ ಅದು. ನನ್ನ ಕಾಲಿಗೆ ನಮಸ್ಕಾರ ಮಾಡು ಅಂದರೆ ಮೂರು ಸಲ ಹೇಳಿಸಿಕೊಳ್ಳುವ ಹುಡುಗ! ನಾನು ಮುಖ ಊದಿಸಿಕೊಳ್ಳುವಷ್ಟರಲ್ಲಿ ಆ ಮನೆಯ ಇಬ್ಬರು ಮಕ್ಕಳೂ ಬಂದು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡರು. ಚಿಕ್ಕ ಹಣೆಗಳು, ಬೆವರಿನಿಂದ ಒದ್ದೆ. ನನ್ನ ಬಾಯಲ್ಲಿ ತಾನಾಗಿ "ಚೆನ್ನಾಗಿರ್ರಪ್ಪ" ಅಂತ ಬಂತು.

ಮೇಜಿನ ಒಂದು ತುದಿಯನ್ನು ಆತೆ ನನಗಾಗಿಯೇ ಬೇರೆ ಮಾಡಿಸಿದ್ದಳು. ಅಡುಗೆಮನೆಗೇ ಹೋಗಿ "ಮಾಂಸ ಬೇಡ, ಮೀನು ಬೇಡ, ಸಿಗಡಿ ಗೊಜ್ಜು ಬೇಡ, ಮೀನಿನ ರಸ ಒಂದು ತೊಟ್ಟೂ ಬೇಡ" ಅಂತ ನಿಂತು ಹೇಳಿದ್ದಳಂತೆ. ಅಲ್ಲಿನ ಅಡುಗೆಯಲ್ಲಿ ತರಕಾರಿಗೂ ಮೀನಿನ ರಸ ಬೀಳುತ್ತದೆ, ಅದಕ್ಕೆ. ನನ್ನ ತುದಿಯಲ್ಲಿ ಏನೇನಿತ್ತು ಗೊತ್ತೇ? ಕೆಂಡದಲ್ಲಿ ಸುಟ್ಟು ಸಿಪ್ಪೆ ಸುಲಿದ ಬದನೆಕಾಯಿಗೆ ಈರುಳ್ಳಿ, ಟೊಮೆಟೊ, ವಿನಿಗರ್ ಹಾಕಿದ್ದು, ಥೇಟ್ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ತಂಗಿ. ಎಳೆ ಹಲಸಿನಕಾಯಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲೇ ಬತ್ತಿಸಿದ 'ಲಾಯಿಂಗ್'. ಪರಂಗಿಕಾಯಿ ತುರಿದು ಮಾಡಿದ ಹುಳಿ-ಸಿಹಿ ಉಪ್ಪಿನಕಾಯಿ. ಅದರ ಹೆಸರು 'ಅಚಾರ'! ಹಿಂದಿಯವರ ಅಚಾರ್ ಅಷ್ಟು ದೂರ ಹೋಗಿ ಕೂತಿದೆ.

ಇಷ್ಟೆಲ್ಲ ಮಾಡಿದ್ದನ್ನು ನೋಡಿಯೂ ನಾನು ಏನು ಮಾಡಿದೆ ಗೊತ್ತೇ? ಆತೆಯ ತಾಯಿ ಬಂದು ನನ್ನ ಪಕ್ಕದಲ್ಲೇ ಕೂತರು. ಅವರ ಕೈ, ನನ್ನ ಕೈ ಒಂದೇ ಅನ್ನದ ರಾಶಿಗೆ. ಎಂಜಲು ಅನ್ನುವ ಮಾತನ್ನು ಹುಟ್ಟಿದಾಗಿನಿಂದ ಕೇಳಿ ಬೆಳೆದವಳು ನಾನು. ಗಂಟಲು ಕಟ್ಟಿತು. ಬಡಿಸುವ ಹುಡುಗಿಯನ್ನು ಕರೆದು, "ನನಗೊಂದು ತಟ್ಟೆ ಕೊಡಮ್ಮ" ಅಂದೆ.

ಮೇಜಿನ ಮೇಲಿನ ಮಾತು ಒಂದು ಕ್ಷಣ ನಿಂತಿತು. ಮಗ ತಲೆ ತಗ್ಗಿಸಿದ. ಆತೆ ಮಾತ್ರ ನಗುತ್ತಲೇ ಎದ್ದು ತಾನೇ ತಟ್ಟೆ ತಂದಳು, ಅನ್ನ, ಪಲ್ಯ ಎಲ್ಲ ಬಡಿಸಿದಳು. ನಕ್ಕಳು ನಿಜ. ಆದರೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಎಲ್ಲರೂ ಕೈ ತೊಳೆದರು. ಒಂದು ಸಣ್ಣ ಪ್ರಾರ್ಥನೆ. ಆಮೇಲೆ "ಕಾಯಿನ್ ನಾ!" ಅಂದರೆ "ಊಟ ಮಾಡಿ!" ಹತ್ತು ಕೈಗಳು ಎಲೆಗೆ ಇಳಿದವು. ಹನ್ನೊಂದನೆಯದು, ನನ್ನದು, ತಟ್ಟೆಯಲ್ಲಿತ್ತು.

ಪಕ್ಕದ ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಪುಟ್ಟನೇ ದುಭಾಷಿ. ಆತೆಯ ಕೈಯಲ್ಲಿ ಬೆಳೆದವನಿಗೆ ಆ ಭಾಷೆ ನೀರು ಕುಡಿದ ಹಾಗೆ. ಅಜ್ಜಿ ಅನ್ನ ತೋರಿಸಿ "ಕಾನಿನ್" ಅಂದರು. ನಾನು "ಅನ್ನ" ಅಂದೆ. ಅನ್ನವಾಗುವ ಮುಂಚೆ? ಅವರದು "ಬಿಗಾಸ್", ನನ್ನದು "ಅಕ್ಕಿ". ಅದಕ್ಕೂ ಮುಂಚೆ, ಗದ್ದೆಯಲ್ಲಿ? "ಪಾಲಾಯ್", "ಭತ್ತ". ಗಂಜಿ? "ಲುಗಾವ್". ಬೆಳಗ್ಗೆ ರಾತ್ರಿಯ ಅನ್ನಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ? "ಸಿನಂಗಾಗ್", ನಮ್ಮದು "ಚಿತ್ರಾನ್ನ" ಅಂದೆ, ಲಿಂಬೆಹುಳಿ ಬೇರೆ ಬೇಕು ಅನ್ನಿ. ಪಾತ್ರೆಯ ತಳ ಹಿಡಿದ ಅನ್ನಕ್ಕೂ ಅವರಲ್ಲಿ ಹೆಸರಿದೆ, "ತುತೊಂಗ್". ಅದನ್ನು ಕೆರೆದು ತಿನ್ನಲು ಮಕ್ಕಳು ಜಗಳ ಆಡುತ್ತಿದ್ದರಂತೆ. ನಮ್ಮ ಮನೆಯಲ್ಲೂ ಅದೇ ಕಥೆ! ಇಬ್ಬರೂ ನಕ್ಕೆವು. ಇಂಗ್ಲಿಷಿನಲ್ಲಿ ಅಕ್ಕಿಗೂ ರೈಸ್, ಅನ್ನಕ್ಕೂ ರೈಸ್. ಅನ್ನವನ್ನೇ ನಂಬಿದವರಿಗೆ ಅದರ ಒಂದೊಂದು ಹಂತಕ್ಕೂ ಹೆಸರು ಬೇಕು, ಮಗುವಿನ ಒಂದೊಂದು ವಯಸ್ಸಿಗೂ ಒಂದೊಂದು ಮುದ್ದು ಹೆಸರು ಇದ್ದ ಹಾಗೆ.

ಅವರು ತಮ್ಮ ಮೊಣಕಾಲು ತಟ್ಟಿ ಏನೋ ಹೇಳಿದರು. ಪುಟ್ಟ, "ಅಜ್ಜಿ, ಲೋಲ ಚಿಕ್ಕ ವಯಸ್ಸಿನಿಂದ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡ್ತಿದ್ರಂತೆ. ಕೆಸರಲ್ಲಿ ನಿಂತು ನಿಂತು ಮೊಣಕಾಲು ಹೋಯ್ತಂತೆ" ಅಂದ. ನಾನು ಅವರ ಕೈ ನೋಡಿದೆ. ಬೆರಳಿನ ಗಂಟುಗಳು ದಪ್ಪ, ಉಗುರು ಸವೆದು ಹೋಗಿದೆ. ಮಂಡ್ಯದಲ್ಲಿ ನಮ್ಮ ಅಪ್ಪನ ಗದ್ದೆಗೆ ನಾಟಿಗೆ ಬರುತ್ತಿದ್ದ ಹೆಂಗಸರ ಕೈ ಹೀಗೇ ಇತ್ತು. ಆ ಕೈ ನೆಟ್ಟ ಭತ್ತದ ಅನ್ನ ಉಂಡು ನಾನು ದೊಡ್ಡವಳಾದೆ. ಆ ಕೈಗಳನ್ನು ಮಾತ್ರ ಒಂದು ದಿನವೂ ಮುಟ್ಟಿರಲಿಲ್ಲ.

ಆಗ ಆತೆಯ ತಮ್ಮ ಸುಟ್ಟ ಮೀನಿನ ಒಂದು ದೊಡ್ಡ ತುಂಡು ತೆಗೆದು ತಾಯಿಯ ಮುಂದೆ ಹಿಡಿದ. ಅವರು ತಲೆ ಅಲ್ಲಾಡಿಸಿದರು. ಅವನು ಮತ್ತೆ ಒತ್ತಾಯ ಮಾಡಿದ. ಅವರು ಮೆಲ್ಲಗೆ ಏನೋ ಅಂದರು. ಪುಟ್ಟ ಅದನ್ನು ಕೇಳಿ ಇಡೀ ಜಗಲಿಗೆ ಕೇಳುವ ಹಾಗೆ ಹೇಳಿದ:

"ಅಜ್ಜಿ! ಲೋಲಗೆ ಈ ಮೀನು ಅಂದ್ರೆ ಪ್ರಾಣ. ಆದ್ರೆ ಇವತ್ತು ಮುಟ್ಟೇ ಇಲ್ಲ! ನೀನು ಪಕ್ಕದಲ್ಲಿ ಕೂತಿದ್ದೀಯಲ್ಲ, ಮೀನು ಮುಟ್ಟಿದ ಕೈ ನಿನ್ನ ಅನ್ನಕ್ಕೆ ತಾಗಬಾರದು ಅಂತ. ನೀನು ತಟ್ಟೆ ಕೇಳೋಕ್ಕಿಂತ ಮುಂಚೆನೇ ಹಾಗೆ ಅಂದುಕೊಂಡಿದ್ರಂತೆ."

ನೋಡಿದೆ. ನಿಜ. ಅವರ ಮುಂದೆ ಬದನೆಕಾಯಿ, ಹಲಸಿನಕಾಯಿ, ಅನ್ನ, ಅಷ್ಟೇ. ಮೊಮ್ಮಗಳು ಪಾಸಾದ ದಿನ, ತನ್ನ ಮಗಳು ಕೊಡಿಸುವ ಊಟದಲ್ಲಿ, ತನಗೆ ಪ್ರಾಣವಾದ ಮೀನನ್ನು ಅವರು ಬಿಟ್ಟಿದ್ದರು, ಮೊದಲ ಸಲ ಕಂಡ ನನಗಾಗಿ. ನಾನು ತಟ್ಟೆ ತರಿಸಿಕೊಂಡ ಮೇಲೂ ಆ ಕೈ ಮೀನಿನ ಕಡೆ ಹೋಗಿರಲಿಲ್ಲ.

ಮಕ್ಕಳೇ, ನಿಮ್ಮ ಅಜ್ಜಿಗೆ ಆಗ ಆದ ನಾಚಿಕೆಯನ್ನು ಬರೆಯಲು ಬರುವುದಿಲ್ಲ. ತಟ್ಟೆಯಲ್ಲಿದ್ದ ಅನ್ನವನ್ನು ಎಲೆಯ ಮೇಲೆ, ಅವರ ಅನ್ನದ ಪಕ್ಕಕ್ಕೆ ಸುರಿದೆ. ತಟ್ಟೆಯನ್ನು ಬೆಂಚಿನ ಕೆಳಗೆ ಇಟ್ಟೆ. ಕೈ ಇಳಿಸಿದೆ. ಬದನೆಕಾಯಿ ಅನ್ನಕ್ಕೆ ಹಿಚುಕಿ, ನಮ್ಮ ಮಂಡ್ಯದ ರೀತಿಯಲ್ಲಿ ಚೆನ್ನಾಗಿ ಕಲಸಿದೆ. ಅವರು ಕಲಸುವುದಿಲ್ಲ, ಬೆರಳ ತುದಿಯಲ್ಲಿ ಅನ್ನವನ್ನು ಒತ್ತಿ ಹೆಬ್ಬೆರಳಿನಿಂದ ಬಾಯಿಗೆ ತಳ್ಳುತ್ತಾರೆ. ನನ್ನ ಕಲಸುವಿಕೆ ನೋಡಿ ಆ ಅಜ್ಜಿಗೆ ನಗು ತಡೆಯಲಾಗಲಿಲ್ಲ. ತಾನೂ ಹಾಗೇ ಕಲಸಿ ನೋಡಿ, "ಮಸರಾಪ್!" ಅಂದರು. ರುಚಿ ಅಂತ. ಕಣ್ಣೆತ್ತಿ ನೋಡಿದರೆ ಆತೆ ನನ್ನನ್ನೇ ನೋಡುತ್ತಿದ್ದಳು.

ಆ ಬದನೆಕಾಯಿಯ ರುಚಿ? ಹೊಗೆಯ ಘಮ, ಹುಳಿ, ಒಂದಿಷ್ಟು ಸಿಹಿ. ಹಸಿಮೆಣಸಿನಕಾಯಿ ಇನ್ನೆರಡು ಬೀಳಬೇಕಿತ್ತು, ಅಷ್ಟೇ. ಕೊನೆಯಲ್ಲಿ 'ತುರೊನ್' ಬಂತು. ಬಾಳೆಹಣ್ಣು, ಹಲಸಿನ ತೊಳೆ ಎರಡನ್ನೂ ತೆಳು ಹಾಳೆಯಲ್ಲಿ ಸುತ್ತಿ, ಸಕ್ಕರೆ ಪಾಕ ಹಿಡಿಯುವಂತೆ ಕರಿದದ್ದು. ಪುಟ್ಟನಿಗೆ 'ಹಾಲೊ-ಹಾಲೊ', ಹಾಗಂದರೆ ಬೆರೆಸು-ಬೆರೆಸು ಅಂತ. ಕೆರೆದ ಐಸಿನ ಮೇಲೆ ಹಾಲು, ಸಿಹಿ ಕಾಳು, ಹಲಸು, ನೇರಳೆ ಬಣ್ಣದ ಗೆಣಸಿನ ಹಲ್ವ. ಮೂರೂ ಮಕ್ಕಳು ಒಂದೇ ಲೋಟಕ್ಕೆ ಮೂರು ಚಮಚ ಹಾಕಿದರು. ಎಂಜಲು ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಆ ರಾತ್ರಿ ಆತೆ ತಾಯಿಯ ಮನೆಯಲ್ಲೇ ಉಳಿದಳು. ಕಾರಿನಲ್ಲಿ ಬರುವಾಗ ಮಗನನ್ನು ಕೇಳಿದೆ, "ಕೆಲಸದವಳು ಅನ್ನೋದಕ್ಕೆ ಇವರ ಭಾಷೇಲಿ ಏನು ಅಂತಾರೋ?"

"ಕಸಂಬಹಾಯ್ ಅಂತಾರಮ್ಮ. ಮನೆಯಲ್ಲಿ ಜೊತೆಗಿರೋರು ಅಂತ ಅರ್ಥ. 2013ರಲ್ಲಿ ಅವರಿಗೋಸ್ಕರ ಕಾನೂನು ಬಂತು, ಅದರಲ್ಲೂ ಇದೇ ಹೆಸರು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆ ನೀಲಿ ಕಪ್ಪಿನ ವಿಷಯ ನಿನಗೆ ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಧೈರ್ಯ ಬರಲಿಲ್ಲ" ಅಂದ. ಹೇಳದೆ ಇದ್ದದ್ದು ಅವನ ತಪ್ಪು, ಹೇಳಲಾಗದ ಹಾಗೆ ಇದ್ದದ್ದು ನನ್ನ ತಪ್ಪು.

ಸೋಮವಾರ ಬೆಳಗ್ಗೆ ಆತೆ ಬಂದಾಗ ಫಿಲ್ಟರ್ ಕಾಫಿ ಮಾಡಿ ಎರಡು ಸ್ಟೀಲ್ ಲೋಟಕ್ಕೆ ಹಾಕಿದೆ. ಒಂದು ಅವಳ ಕೈಗೆ ಕೊಟ್ಟೆ. ಸ್ಟೀಲ್ ಲೋಟದ ಬಿಸಿ ಅವಳಿಗೆ ಗೊತ್ತಿರಲಿಲ್ಲ. ಬೆರಳು ಸುಟ್ಟು "ಅರಾಯ್!" ಅಂತ ಕೂಗಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಅಂಚಿನಲ್ಲಿ ಹಿಡಿಯುವುದು ಹೇಗೆ ಅಂತ ತೋರಿಸಿಕೊಟ್ಟೆ.

ಅಲ್ಲಿ ಮಾಡಿದ್ದು ಸುಲಭ. ಮೂರು ತಿಂಗಳ ಅಭ್ಯಾಸ ತಾನೆ? ಮಂಡ್ಯಕ್ಕೆ ಬಂದ ಮೇಲೆ ನೋಡಿದರೆ ಹಿತ್ತಲ ಗೂಡಿನಲ್ಲಿ ಇನ್ನೊಂದು ಲೋಟ ಕಾಯುತ್ತಿತ್ತು. ಪಾತ್ರೆ ತೊಳೆಯಲು ಬರುವ ಹೆಂಗಸಿನದು. ಅವಳು ಬರುತ್ತಿರುವುದು ಇಪ್ಪತ್ತಾರು ವರ್ಷದಿಂದ. ಮೊದಲ ದಿನ ಒಳಗಿನ ಲೋಟದಲ್ಲಿ ಕಾಫಿ ಕೊಟ್ಟರೆ, "ಬ್ಯಾಡಿ ಅಮ್ಮಾರೆ, ನನ್ ಲೋಟ ಐತಲ್ಲ" ಅಂದಳು. ಎರಡನೆಯ ದಿನವೂ ಅದೇ. ಮೂರನೆಯ ದಿನ ಆ ಲೋಟಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ಸಸಿ ನೆಟ್ಟೆ. ಈಗ ಅವಳು ಒಳಗಿನ ಲೋಟದಲ್ಲೇ ಕುಡಿಯುತ್ತಾಳೆ. ಆದರೆ ಇನ್ನೂ ಹಿತ್ತಲ ಮೆಟ್ಟಿಲ ಮೇಲೇ ಕೂರುತ್ತಾಳೆ. ನಾನೂ ಲೋಟ ಹಿಡಿದು ಅಲ್ಲೇ ಹೋಗಿ ಕೂರುತ್ತಿದ್ದೇನೆ. ಊಟದ ಮೇಜಿಗೆ ಇಬ್ಬರೂ ಬರಲು ಇನ್ನೂ ಸ್ವಲ್ಪ ದಿನ ಬೇಕು.

ಮಕ್ಕಳೇ, ಈ ವಾರ ನಿಮಗೆ ಎರಡು ಕೆಲಸ. ಒಂದು, ಗದ್ದೆಯಿಂದ ಎಲೆಯವರೆಗೆ ಭತ್ತ-ಅಕ್ಕಿ-ಅನ್ನಕ್ಕೆ ನಿಮ್ಮ ಮನೆಯಲ್ಲಿ ಎಷ್ಟು ಹೆಸರುಗಳಿವೆ ಅಂತ ಅಜ್ಜ-ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಿ. ತರಿ, ನುಚ್ಚು, ಅವಲಕ್ಕಿ, ಮಂಡಕ್ಕಿ ಎಲ್ಲ ಸೇರಲಿ. ಇಪ್ಪತ್ತು ದಾಟಿದರೆ ನನಗೆ ಬರೆದು ತಿಳಿಸಿ.

ಇನ್ನೊಂದು, ನಿಮ್ಮ ಮನೆಯ ಗೂಡಿನಲ್ಲಿ ಬೇರೆ ಇಟ್ಟ ಲೋಟ ಇದೆಯೇ ಅಂತ ನೋಡಿ. ಇದ್ದರೆ ಅದು ಯಾರದು, ಯಾಕೆ ಬೇರೆ ಅಂತ ಮೆಲ್ಲಗೆ ಕೇಳಿ. ಅಜ್ಜ-ಅಜ್ಜಿಯರೇ, ಕೇಳಿದ ಮಗುವಿನ ಮೇಲೆ ರೇಗಬೇಡಿ. ಒಂದು ದೊಡ್ಡಪತ್ರೆ ಸಸಿ ತಂದುಕೊಡಿ.